ಪಕ್ಕದ ಮನೆ ಸುತ್ತಿ ಬರುವ ಪ್ರಿಂಟು

ಕ್ಯಾತ್ಸಂದ್ರದ ವೀರಭದ್ರಯ್ಯನವರು ಪ್ರಿಂಟರ್ ಕೊಂಡದ್ದು ಏನನ್ನೋ ಪ್ರಿಂಟು ತೆಗೆಯಬೇಕೆಂದಲ್ಲ. ಗುಬ್ಬಿಯಲ್ಲಿ ಅವರ ಷಡ್ಡಕ ಮಹಾಲಿಂಗಯ್ಯನವರು ಒಂದನ್ನು ಕೊಂಡಿದ್ದರು, ಅದಕ್ಕೆ. ಈ ಕಾರಣ ಸಾಲದು ಎನ್ನುವವರು ಷಡ್ಡಕರಿಲ್ಲದ ಪುಣ್ಯವಂತರು. ಅವರಿಗೆ ಈ ಕಥೆ ಅರ್ಥವಾಗುವುದು ಸ್ವಲ್ಪ ನಿಧಾನ.

ಮಹಾಲಿಂಗಯ್ಯನವರದು ಕೊಬ್ಬರಿ ವ್ಯಾಪಾರ. ಹೊಸ ಮನೆಯ ಗೃಹಪ್ರವೇಶದ ದಿನ ಊಟವಾದ ಮೇಲೆ ನೆಂಟರನ್ನೆಲ್ಲ ಒಂದು ಕೋಣೆಗೆ ಕರೆದೊಯ್ದು, ಕಂಪ್ಯೂಟರಿನ ಗುಂಡಿ ಒತ್ತಿ, ಪಕ್ಕದಲ್ಲಿದ್ದ ಪ್ರಿಂಟರಿನಿಂದ ಒಂದು ಫೋಟೋ ಹೊರಗೆಳೆದು ತೋರಿಸಿದ್ದರು. ಫೋಟೋದಲ್ಲಿ ಬಾಯಿ ತುಂಬ ಲಾಡು ತುರುಕಿಕೊಂಡು ನಿಂತಿದ್ದವರು ವೀರಭದ್ರಯ್ಯ. ನೆಂಟರು ನಕ್ಕರು. ಮಹಾಲಿಂಗಯ್ಯ "ಯುಎಸ್‌ಬಿ ಕಣಪ್ಪ, ಒತ್ತಿದ್ರೆ ಬಂತು" ಎಂದರು. ಆ ನಗು ಗುಬ್ಬಿಯಿಂದ ತುಮಕೂರಿನವರೆಗೆ ಬಸ್ಸಿನಲ್ಲಿ ವೀರಭದ್ರಯ್ಯನವರ ಪಕ್ಕದಲ್ಲೇ ಕೂತು ಬಂತು, ಟಿಕೆಟ್ಟೂ ಇಲ್ಲದೆ.

ಇದು ಎರಡು ಸಾವಿರದ ಏಳನೆಯ ಇಸವಿಯ ಮಾತು. ವೀರಭದ್ರಯ್ಯ ತುಮಕೂರಿನ ಸಹಕಾರ ಸಂಘವೊಂದರಲ್ಲಿ ಗುಮಾಸ್ತರು. ಮನೆಯಲ್ಲಿ ತಾಯಿ ಶಿವರುದ್ರಮ್ಮ, ಹೆಂಡತಿ ಸಿದ್ದಲಕ್ಷ್ಮಮ್ಮ, ಮದುವೆಗೆ ಬಂದ ಮಗಳು ಪಲ್ಲವಿ, ಮತ್ತು ಕಸೂತಿ ಹಾಕಿದ ಹೊದಿಕೆ ಹೊದ್ದು ಹಜಾರದ ಮೂಲೆಯಲ್ಲಿ ವರ್ಷವಿಡೀ ನಿದ್ದೆ ಹೊಡೆಯುವ ಒಂದು ಕಂಪ್ಯೂಟರ್. ಅದನ್ನು ಎಬ್ಬಿಸುತ್ತಿದ್ದದ್ದು ಧೂಳು ಒರೆಸುವಾಗ ಮಾತ್ರ.

ಪ್ರಿಂಟರ್ ಅಂಗಡಿಯವನು ಮರ್ಯಾದೆಯಿಂದಲೇ ಕೇಳಿದ: "ಸಾರ್, ಯುಎಸ್‌ಬಿ ಇರೋದು ಸಾಕಾ, ನೆಟ್‌ವರ್ಕ್ ಇರೋದು ಬೇಕಾ?"

ಸಾಕಾ ಎಂದು ಕೇಳಿದ ಸಾಮಾನನ್ನು ವೀರಭದ್ರಯ್ಯ ಹುಟ್ಟಿದಾರಭ್ಯ ಕೊಂಡವರಲ್ಲ. ಎರಡಕ್ಕೂ ವ್ಯತ್ಯಾಸವೇನು ಎಂದು ಕೇಳಿದರೆ ತಮಗೆ ಗೊತ್ತಿಲ್ಲವೆಂದು ಗೊತ್ತಾಗುತ್ತದೆ; ಆದ್ದರಿಂದ ಗಂಭೀರವಾಗಿ, ಇವೆರಡರಲ್ಲಿ ದೊಡ್ಡದು ಯಾವುದು ಎಂದು ಕೇಳಿದರು. ದೊಡ್ಡ ದೊಡ್ಡ ಆಫೀಸಿನವರು ನೆಟ್‌ವರ್ಕ್ ತಗೋತಾರೆ, ಹತ್ತು ಜನ ಹತ್ತು ಕಡೆಯಿಂದ ಒತ್ತಬಹುದು ಎಂದ ಅಂಗಡಿಯವನು. ಮನೆಗಾದರೆ ಯುಎಸ್‌ಬಿ ಧಾರಾಳ ಎಂದು ಅವನು ಸೇರಿಸಿದ್ದು ವೀರಭದ್ರಯ್ಯನವರ ಕಿವಿಗೆ ತಲುಪಲಿಲ್ಲ. ಗುಬ್ಬಿಯಲ್ಲಿರುವುದು ಯುಎಸ್‌ಬಿ. ಹಾಗಾದರೆ ತುಮಕೂರಿನಲ್ಲಿರಬೇಕಾದ್ದು ನೆಟ್‌ವರ್ಕು. ಜಿಲ್ಲಾ ಕೇಂದ್ರವೆಂದ ಮೇಲೆ ಅಷ್ಟಾದರೂ ಬೇಡವೇ.

"ಒಂದು ಕಂಪ್ಯೂಟರು, ಒಂದು ಪ್ರಿಂಟರು, ಮಧ್ಯೆ ಒಂದು ಮೊಳ ವೈರು. ಇನ್ನೇನ್ರೀ ಬೇಕು ನಿಮ್ಗೆ?" ಎಂದರು ಅಂಗಡಿಗೆ ಜೊತೆಯಲ್ಲಿ ಬಂದಿದ್ದ ಸಿದ್ದಲಕ್ಷ್ಮಮ್ಮ.

"ನಿಂಗೆ ಟೆಕ್ನಿಕಲ್ ಗೊತ್ತಾಗಲ್ಲ, ಸುಮ್ನಿರು" ಎಂದರು ಅದೇ ವಿಷಯದಲ್ಲಿ ಐದು ನಿಮಿಷದ ಹಿಂದೆ ಪಂಡಿತರಾಗಿದ್ದ ವೀರಭದ್ರಯ್ಯ.

ಜೋಡಿಸಲು ಬಂದ ಮೆಕ್ಯಾನಿಕ್ ಟೇಬಲ್ಲಿನ ಎಡಕ್ಕೆ ಕಂಪ್ಯೂಟರನ್ನೂ ಬಲಕ್ಕೆ ಪ್ರಿಂಟರನ್ನೂ ನೋಡಿ, ಇದಕ್ಕೆ ಯುಎಸ್‌ಬಿ ತೂತೂ ಇದೆ, ಒಂದು ವೈರು ಚುಚ್ಚಿದರೆ ಮುಗೀತು ಎಂದ. ನೆಟ್‌ವರ್ಕಿಗೆ ದುಡ್ಡು ಕೊಟ್ಟು ಯುಎಸ್‌ಬಿಯಲ್ಲಿ ಪ್ರಿಂಟು ತೆಗೆಯುವುದೆಂದರೆ ಎಕ್ಸ್‌ಪ್ರೆಸ್ ಬಸ್ಸಿಗೆ ಟಿಕೆಟ್ ತೆಗೆದು ನಡೆದುಕೊಂಡು ಹೋದ ಹಾಗೆ ಎಂದು ವೀರಭದ್ರಯ್ಯ ಅವನಿಗೆ ತಿಳಿಹೇಳಿದರು. ಹಾಗಾದರೆ ಮಧ್ಯೆ ಒಂದು ಪೆಟ್ಟಿಗೆ ಬೇಕು ಎಂದು ಅವನು ಚೀಲದಿಂದ ಐದು ತೂತಿನ ಪುಟ್ಟ ಪೆಟ್ಟಿಗೆಯೊಂದನ್ನು ತೆಗೆದಿಟ್ಟ. ಒಂದು ತೂತು ಕಂಪ್ಯೂಟರಿಗೆ, ಒಂದು ಪ್ರಿಂಟರಿಗೆ. ಇನ್ನುಳಿದ ಮೂರು ತೂತುಗಳು ವೀರಭದ್ರಯ್ಯನವರನ್ನೇ ದುರುಗುಟ್ಟಿ ನೋಡಿದವು. ದುಡ್ಡು ಕೊಟ್ಟ ತೂತನ್ನು ಖಾಲಿ ಬಿಡುವುದು ಅವರ ಮನೆತನದಲ್ಲೇ ಇರಲಿಲ್ಲ.

ಪಕ್ಕದ ಮನೆ ದಸ್ತಗೀರ್ ಸಾಬರದು. ಹೈವೇ ಪಕ್ಕ ಅವರದೊಂದು ಬ್ಯಾಟರಿ ಅಂಗಡಿ. ಹಾಗಾಗಿ ಮನೆಯಲ್ಲಿ ಇನ್ವರ್ಟರ್. ಮಗಳು ಯಾಸ್ಮೀನ್ ಬಿಎಸ್ಸಿ ಓದುತ್ತಿದ್ದಳು, ಅವಳಿಗೊಂದು ಕಂಪ್ಯೂಟರ್. ವೀರಭದ್ರಯ್ಯ ಕಾಂಪೌಂಡಿನ ಮೇಲೆ ಕುತ್ತಿಗೆ ಚಾಚಿ, ನಿಮ್ಮ ಹುಡುಗಿಯೂ ನಮ್ಮ ಪ್ರಿಂಟರಿನಲ್ಲೇ ತೆಗೆದುಕೊಳ್ಳಲಿ ಎಂದು ಉದಾರವಾಗಿ ಹೇಳಿದರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಒಂದು ಒಳ್ಳೆಯ ಯೋಚನೆ ಹೊಳೆದಾಗ ಇನ್ನೊಂದೂ ಹೊಳೆಯುವುದು ಅವರ ದೌರ್ಬಲ್ಯ. "ನಮ್ಮಲ್ಲಿ ಕರೆಂಟ್ ಹೋಗ್ತಾ ಇರ್ತದೆ ಸಾಬ್ರೇ. ನಿಮ್ಮಲ್ಲಿ ಇನ್ವರ್ಟರ್ ಐತೆ. ಪೆಟ್ಟಿಗೆ ನಿಮ್ಮನೇಲೇ ಇರ್ಲಿ." ಕರೆಂಟ್ ಹೋದಾಗ ಈಚೆ ಪ್ರಿಂಟರೇ ಸತ್ತಿರುತ್ತದಲ್ಲ, ಆಚೆ ಪೆಟ್ಟಿಗೆ ಬದುಕಿದ್ದು ಏನು ಮಾಡಬೇಕು ಎಂದು ಯಾರೂ ಕೇಳಲಿಲ್ಲ.

ಹೀಗೆ ವೀರಭದ್ರಯ್ಯನವರ ಕಂಪ್ಯೂಟರಿನಿಂದ ಹೊರಟ ವೈರು ಕಿಟಕಿ ದಾಟಿ, ಕಾಂಪೌಂಡು ಹಾರಿ, ದಸ್ತಗೀರ್ ಸಾಬರ ಕಿಟಕಿಯಲ್ಲಿಟ್ಟ ಪೆಟ್ಟಿಗೆ ಸೇರಿತು. ಅಲ್ಲಿಂದ ಇನ್ನೊಂದು ವೈರು ಅದೇ ಕಾಂಪೌಂಡು ಹಾರಿ, ಅದೇ ಕಿಟಕಿ ಹೊಕ್ಕು, ಅದೇ ಟೇಬಲ್ಲಿನ ಮೇಲೆ, ಹೊರಟ ಜಾಗದಿಂದ ಒಂದು ಮೊಳ ಬಲಕ್ಕಿದ್ದ ಪ್ರಿಂಟರಿಗೆ ಬಂದು ಮುಟ್ಟಿತು. ಮೆಕ್ಯಾನಿಕ್ ಹೊರಡುವಾಗ ನಗಲಿಲ್ಲ. ಗೇಟು ದಾಟಿದ ಮೇಲೆ ಏನು ಮಾಡಿದನೋ.

ಸಂಜೆ ಶಿವರುದ್ರಮ್ಮ ಮಗನನ್ನು ಕರೆದು ಕೇಳಿದರು: "ಏನ್ಲಾ ಅದು ನೆಟ್‌ವರ್ಕು ಅಂದ್ರೆ?"

"ಎಲ್ಲಾ ಒಂದೇ ಅಂತ ಅವ್ವಾ. ಇಲ್ಲಿರೋ ಕಂಪ್ಯೂಟರು, ಸಾಬ್ರ ಮನೇಲಿರೋ ಕಂಪ್ಯೂಟರು, ಪ್ರಿಂಟರು, ವೈರು, ಯಾವ್ದೂ ಬೇರೆ ಅಲ್ಲ. ಒಂದೇ ಜೀವ ಇದ್ದಂಗೆ."

ಮಠದಲ್ಲಿ ಇಂಥ ಮಾತನ್ನು ಬೇಕಾದಷ್ಟು ಕೇಳಿದ್ದ ಶಿವರುದ್ರಮ್ಮ ತಲೆದೂಗಿ, ಅದನ್ನು ಹಾಗೇ ಮನಸ್ಸಿನಲ್ಲಿಟ್ಟುಕೊಂಡರು. ಮಗ ಹೇಳಿದ್ದನ್ನು ಅವರು ನಂಬಿದ್ದು ಬಹಳ ವರ್ಷಗಳ ಮೇಲೆ ಅದೇ ಮೊದಲು. ನಂಬಬಾರದಿತ್ತು.

ಈ ನಡುವೆ ಪಲ್ಲವಿಗೆ ಕುಣಿಗಲ್ಲಿನ ಸಂಬಂಧ ಕೂಡಿಬಂತು. ಹುಡುಗ ಗುರುಪ್ರಕಾಶ್ ಬ್ಯಾಂಕಿನಲ್ಲಿದ್ದ. ಬಂದವರಲ್ಲಿ ಪಲ್ಲವಿ ತಾನಾಗಿ ಒಪ್ಪಿದ ಮೊದಲ ಹುಡುಗ ಅವನೇ. ಹುಡುಗನ ತಂದೆ ಶಿವರಾಮಯ್ಯನವರು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿ ನಿವೃತ್ತರಾದವರು. ಉಪ್ಪಿಟ್ಟು ತಿಂದರೂ ಮನಸ್ಸಿನಲ್ಲೇ ಮಾರ್ಕ್ಸು ಹಾಕುವ ಜಾತಿ. ನಿಶ್ಚಿತಾರ್ಥ ಕುಣಿಗಲ್ಲಿನಲ್ಲಿ, ವಿಜಯದಶಮಿಯ ಬೆಳಿಗ್ಗೆ ಎಂದಾಯಿತು. ಲಗ್ನಪತ್ರಿಕೆಯನ್ನು ಅಯ್ಯನವರು ಎಂದಿನಂತೆ ಕೈಯಲ್ಲೇ ಬರೆಯುತ್ತಾರೆ ಎಂದು ಶಿವರಾಮಯ್ಯ ಹೇಳಿದರು. ಹೂಂ ಅಂದಿದ್ದರೆ ಕಥೆ ಇಲ್ಲಿಗೆ ಮುಗಿದು ಎಲ್ಲರೂ ನೆಮ್ಮದಿಯಾಗಿ ಊಟಕ್ಕೆ ಏಳಬಹುದಿತ್ತು.

"ಕೈಬರಹ ಯಾಕೆ ಬೀಗ್ರೇ, ಈ ಕಾಲದಲ್ಲಿ" ಎಂದರು ವೀರಭದ್ರಯ್ಯ. "ನಮ್ಮನೇಲಿ ನೆಟ್‌ವರ್ಕ್ ಐತೆ. ಎರಡೂ ಕಡೆಗೆ ಒಂದೊಂದು ಪ್ರಿಂಟು ತೆಗ್ದು ತತ್ತೀನಿ."

ಶಿವರಾಮಯ್ಯ ಕನ್ನಡಕದ ಮೇಲಿನಿಂದ ನೋಡಿದರು. "ತನ್ನಿ. ನಮ್ಮ ನೆಂಟ್ರಿಗೂ ಹೇಳ್ತೀನಿ. ಆದ್ರೆ ಹೇಳಿದ್ಮೇಲೆ ತರ್ಬೇಕು. ಹೇಳಿ ತರದಿರೋರನ್ನ ಕಂಡ್ರೆ ನಂಗಾಗಲ್ಲ." ಒಂದು ಗುಟುಕು ಕಾಫಿ ಕುಡಿದು, "ತಿಪಟೂರಿನೋರು ನಮ್ಗೂ ನೆಂಟ್ರೇ" ಎಂದರು.

ಬಾಗಿಲ ಹಿಂದಿದ್ದ ಪಲ್ಲವಿಗೂ ಅದು ಕೇಳಿಸಿತು. ತಿಪಟೂರಿನವರು ಹಿಂದಿನ ವರ್ಷ ಪಲ್ಲವಿಯನ್ನು ನೋಡಿ ಒಪ್ಪಿದವರು. ಅವರ ಕಡೆಯವರಿಗೆ ಲಕ್ಷುರಿ ಬಸ್ಸು ಕಳಿಸುತ್ತೇನೆಂದು ಹೇಳಿ ವೀರಭದ್ರಯ್ಯ ಕಳಿಸಿದ್ದು ಒಂದು ಟೆಂಪೋ. ಅದು ಹಿಂದಿನ ದಿನ ಬೂಸಾ ಹೊತ್ತಿತ್ತು. ಬಂದ ನೆಂಟರೆಲ್ಲ ತಲೆಯಲ್ಲಿ ಬೂಸಾ ಸಿಕ್ಕಿಸಿಕೊಂಡು ಇಳಿದಿದ್ದರು. ಮಾತು ಅಲ್ಲಿಗೇ ಮುರಿದಿತ್ತು. ಬೀಗರು ಹೋದ ಮೇಲೆ ಪಲ್ಲವಿ ಅಪ್ಪನಿಗೆ ಹೇಳಿದ್ದು ಒಂದೇ ಮಾತು: "ಈ ಸಲವೂ ಬೂಸಾ ಆದ್ರೆ ನಂಗೆ ಇನ್ಯಾರನ್ನೂ ತೋರಿಸ್ಬೇಡಿ ಅಪ್ಪಾ."

ವೀರಭದ್ರಯ್ಯ ಅಂದೇ ಲಗ್ನಪತ್ರಿಕೆಯನ್ನು ಟೈಪು ಮಾಡಿ, ಮೇಲೆ ಬಿಲ್ವಪತ್ರೆಯ ಚಿತ್ರ ಕೂರಿಸಿ, ಪ್ರಿಂಟ್ ಎಂದು ಒತ್ತಿದರು. ಏನೂ ಬರಲಿಲ್ಲ. ಇನ್ನೊಮ್ಮೆ ಒತ್ತಿದರು. ಆಫೀಸಿಗೆ ಹೋಗುವ ಮುಂಚೆ ಒತ್ತಿದರು, ಬಂದ ಮೇಲೆ ಒತ್ತಿದರು, ಕಾಫಿ ಕುಡಿಯುತ್ತಾ ಒತ್ತಿದರು. ಗುಬ್ಬಿಯಲ್ಲಿ ಒತ್ತಿದರೆ ಬರುತ್ತದೆ, ಇಲ್ಲೇಕೆ ಬಾರದು ಎಂಬುದು ಅವರಿಗೆ ಪ್ರಿಂಟರಿನ ಪ್ರಶ್ನೆಯಾಗಿ ಉಳಿದಿರಲಿಲ್ಲ, ಮನೆತನದ ಪ್ರಶ್ನೆಯಾಗಿತ್ತು.

ಕಾರಣ ಬಹಳ ಸರಳ. ದಸ್ತಗೀರ್ ಸಾಬರ ಹೆಂಡತಿ ಕುಲ್ಸುಂ ಬೀ ರಂಜಾನ್ ಹಬ್ಬಕ್ಕೆಂದು ಮನೆಯ ರಜಾಯಿಗಳನ್ನೆಲ್ಲ ಒಗೆದಿದ್ದರು. ಹಿತ್ತಲಿನ ಹಗ್ಗ ಸಾಲದಾಗಿತ್ತು. ಕಾಂಪೌಂಡಿನ ಮೇಲೆ ಎರಡು ವೈರುಗಳು ಒಳ್ಳೆ ಬಿಸಿಲಿನಲ್ಲಿ, ಒಳ್ಳೆ ಎತ್ತರದಲ್ಲಿ, ಯಾವ ಕೆಲಸವೂ ಇಲ್ಲದೆ ನೇತಾಡುತ್ತಿದ್ದವು. ಒದ್ದೆ ರಜಾಯಿಯ ಭಾರಕ್ಕೆ ಪ್ರಿಂಟರಿನ ವೈರು ಜಗ್ಗಿ, ಆಚೆ ಕಿಟಕಿಯ ಪೆಟ್ಟಿಗೆಯಲ್ಲಿ ಅದರ ಪ್ಲಗ್ಗು ಬೆರಳಿನ ಅಗಲ ಹೊರಗೆ ಬಂದು ನಿಂತಿತು. ವೀರಭದ್ರಯ್ಯ ಅಲ್ಲಿ ನೋಡಲಿಲ್ಲ, ಏಕೆಂದರೆ ಅದು ಪರರ ಕಿಟಕಿ. ಕುಲ್ಸುಂ ಬೀ ನೋಡಲಿಲ್ಲ, ಏಕೆಂದರೆ ಬಟ್ಟೆ ಚೆನ್ನಾಗಿ ಒಣಗುತ್ತಿತ್ತು. ಅಂದಿನಿಂದ ಅವರ ಮನೆಯ ಒಗೆದ ಬಟ್ಟೆಯೆಲ್ಲ ನೆಟ್‌ವರ್ಕಿನ ಮೇಲೆಯೇ. ಕಂಪ್ಯೂಟರೋ, ಬಲು ಸಭ್ಯ. ಒತ್ತಿದ್ದನ್ನೆಲ್ಲ ಬೇಡವೆನ್ನದೆ ಒಳಗೆ ಸಾಲಾಗಿ ಇಟ್ಟುಕೊಳ್ಳುತ್ತಾ ಹೋಯಿತು. ಆಚೆ ಮನೆಯಲ್ಲಿ ಯಾಸ್ಮೀನಳೂ ತನ್ನ ಕಾಲೇಜಿನ ಪ್ರಾಜೆಕ್ಟನ್ನು ಒತ್ತಿ ಒತ್ತಿ ಸಾಕಾಗಿ, ಅಂಕಲ್ ಪ್ರಿಂಟರು ಕೆಟ್ಟಿದೆ ಎಂದು ಸುಮ್ಮನಾಗಿದ್ದಳು.

ಮಹಾನವಮಿಯ ಬೆಳಿಗ್ಗೆ ವೀರಭದ್ರಯ್ಯ ಕೊನೆಗೂ ಸೋತು, ಯಾರಿಗೂ ಹೇಳದೆ, ಡಿಟಿಪಿ ಅಂಗಡಿಯ ಕಡೆ ಹೊರಟರು. ಕ್ಯಾತ್ಸಂದ್ರದ ತುಂಬ ಚೆಂಡುಹೂವು. ಆಟೋಗಳಿಗೆ ಬಾಳೆಕಂದು ಕಟ್ಟಿದ್ದರು, ತಟ್ಟೆ ಇಡ್ಲಿ ಹೋಟೆಲಿನ ರುಬ್ಬುವ ಕಲ್ಲಿಗೂ ವಿಭೂತಿ ಬಳಿದಿದ್ದರು. ಡಿಟಿಪಿ ಅಂಗಡಿಯವರು ಬಾಗಿಲಲ್ಲೇ ಪುರಿ ಹಂಚುತ್ತಾ ನಿಂತಿದ್ದರು. ಒಂದು ಹಾಳೆ, ಒಂದೇ ಹಾಳೆ ಎಂದು ವೀರಭದ್ರಯ್ಯ ಅಂಗಲಾಚಿದರೆ, ಮಿಷನ್ ಪೂಜೆಗೆ ಕೂತಿದೆ, ನಾಳೆ ಕದಲಿಸಿದ ಮೇಲೆ ಬನ್ನಿ ಎಂದು ಅವರ ಅಂಗೈಗೂ ಒಂದು ಹಿಡಿ ಪುರಿ ಹಾಕಿದರು. ಹೊಟ್ಟೆಪಾಡಿನ ಸಾಮಾನಿಗೆ ವರ್ಷಕ್ಕೊಂದು ದಿನ ರಜೆ. ಅದನ್ನೂ ಕಿತ್ತುಕೊಳ್ಳುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ. ನಾಳೆ ಕದಲಿಸುವ ಹೊತ್ತಿಗೆ ತಾವು ಕುಣಿಗಲ್ಲಿನಲ್ಲಿ ಬರಿಗೈಯಲ್ಲಿ ನಿಂತಿರಬೇಕಾಗುತ್ತದೆ ಎಂದುಕೊಂಡು ವೀರಭದ್ರಯ್ಯ ಪುರಿ ತಿನ್ನುತ್ತಾ ವಾಪಸ್ಸಾದರು.

ಮನೆಯಲ್ಲಿ ಪ್ರಿಂಟರ್ ಮದುಮಗನಾಗಿತ್ತು. ಹಣೆಗೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಕಾಗದ ಹೋಗುವ ಬಾಯಿಯ ಇಕ್ಕೆಲದಲ್ಲೂ ಅರಿಶಿನ, ಕಾಗದ ಬರುವ ಬಾಯಿಗೆ ದಪ್ಪನೆಯ ಚೆಂಡುಹೂವಿನ ಹಾರ. ಪಕ್ಕದಲ್ಲಿ ಕಂಪ್ಯೂಟರು, ಕುಡುಗೋಲು, ಮಿಕ್ಸಿ, ಹೊಲಿಗೆ ಮಿಷನ್ನು. ಇವುಗಳ ಮುಂದೆ ತಟ್ಟೆಯಲ್ಲಿ ಮನೆಯ ಪೆನ್ನುಗಳೆಲ್ಲ ಸಾಲಾಗಿ ಮಲಗಿದ್ದವು. ಕೈಯಲ್ಲಾದರೂ ಬರೆದುಕೊಂಡು ಹೋಗೋಣವೆಂಬ ಕೊನೆಯ ದಾರಿಗೂ ಶಿವರುದ್ರಮ್ಮ ಕುಂಕುಮವಿಟ್ಟಿದ್ದರು.

ವೀರಭದ್ರಯ್ಯ ತಾಯಿಯ ಮುಂದೆ ಕೂತು, ಪಲ್ಲವಿಯ ಭವಿಷ್ಯ ಒಂದು ಹಾಳೆಯಲ್ಲಿದೆ ಎಂದು ಹೇಳಿಕೊಂಡರು. ಮೊದಲೇ ಯಾಕೆ ತೆಗೆದಿಡಲಿಲ್ಲ ಎಂದು ಶಿವರುದ್ರಮ್ಮ ಕೇಳಿದರು. ಪ್ರಿಂಟರು ಮುನಿಸಿಕೊಂಡಿತ್ತು ಎಂದರು ಮಗ. ಹಾಗಾದರೆ ಇವತ್ತು ಬಿಟ್ಟರೂ ಬರುವುದಿಲ್ಲವಲ್ಲ, ಮುಟ್ಟುವುದು ಯಾಕೆ ಎಂದು ಸಿದ್ದಲಕ್ಷ್ಮಮ್ಮ ಅಡುಗೆಮನೆಯಿಂದಲೇ ನ್ಯಾಯ ತೀರಿಸಿದರು. ಆಗ ವೀರಭದ್ರಯ್ಯನವರ ತಲೆಯಲ್ಲಿ ದೀಪ ಹತ್ತಿತು. ತಾವು ಮುಟ್ಟಬೇಕಾಗಿಯೇ ಇಲ್ಲ. ಇದು ಯುಎಸ್‌ಬಿಯಲ್ಲ. ಸಾಬರ ಮನೆಯಲ್ಲಿ ಇವತ್ತು ಪೂಜೆಯಿಲ್ಲ; ಯಾಸ್ಮೀನ್ ತನ್ನ ಕಂಪ್ಯೂಟರಿನಲ್ಲಿ ಎರಡು ಸಾಲು ಟೈಪು ಮಾಡಿ ಒತ್ತಿದರೆ, ಕೆಲಸ ಮಾಡಿದ್ದು ಅವರ ಮನೆಯ ಸಾಮಾನಾಗುತ್ತದೆ, ನಮ್ಮದಲ್ಲ. ಅವಳ ಕೈಗೆ ಮುನಿಸು ಇಳಿದರೂ ಇಳಿಯಬಹುದು. ತಾಯಿಗೆ ಇದನ್ನು ವಕೀಲರ ಹಾಗೆ ಬಿಡಿಸಿ ಹೇಳಿದರು.

ಶಿವರುದ್ರಮ್ಮ ಪೂರ್ತಿ ಕೇಳಿದರು. "ಎಲ್ಲಾ ಒಂದೇ ಜೀವ ಅಂದ್ಯಲ್ಲಪ್ಪ ಅವತ್ತು."

"ಅದು ಮಾತಿಗೆ ಅಂದಿದ್ದು ಅವ್ವಾ."

"ಮಾತಿಗೆ ಅಂದ್ಯೋ, ನಿಜವಾಗ್ಲೂ ಅಂದ್ಯೋ, ಅರ್ಧ ಜೀವಕ್ಕೆ ಪೂಜೆ ಮಾಡಿ ಇನ್ನರ್ಧಕ್ಕೆ ಬಿಟ್ಟಿದೀನಲ್ಲಾ ನಾನು. ನೀನು ನೆನಪು ಮಾಡಿದ್ದು ಒಳ್ಳೇದಾಯ್ತು." ಹಾಗೆಂದು ತಟ್ಟೆ ಎತ್ತಿಕೊಂಡು, ಸೆರಗು ಸಿಕ್ಕಿಸಿ, ಪಕ್ಕದ ಮನೆಗೆ ಹೊರಟೇಬಿಟ್ಟರು. ವೀರಭದ್ರಯ್ಯ ಹಿಂದೆ ಓಡಿದರು.

ದಸ್ತಗೀರ್ ಸಾಬರು ತಡೆಯುತ್ತಾರೆಂದು ಅವರಿಗೆ ಇನ್ನೂ ಒಂದು ಆಸೆಯಿತ್ತು. ಸಾಬರು ಬಾಗಿಲಲ್ಲಿ ಶಿವರುದ್ರಮ್ಮನನ್ನು ಕಂಡು, ಅಂಗಡಿಯಲ್ಲಿ ಹುಡುಗರು ಬೆಳಿಗ್ಗೆಯೇ ಚಾರ್ಜರಿಗೆ ಕುಂಬಳಕಾಯಿ ಒಡೆದಾಯಿತು, ಮನೆಯ ಇನ್ವರ್ಟರನ್ನು ಕೇಳುವವರೇ ಇರಲಿಲ್ಲ, ಬನ್ನಿ ಅವ್ವಾ ಎಂದು ಒಳಗೆ ಕರೆದರು. ವಿಷಯ ಕೇಳಿದ ಮೇಲಂತೂ ಶಿವರುದ್ರಮ್ಮನಿಗಿಂತ ಅವರೇ ಬಿಗಿಯಾದರು. "ಏನ್ ವೀರಭದ್ರಯ್ಯನವ್ರೇ, ಓದಿದೋರು ನೀವು. ಇವತ್ತು ಸ್ಪ್ಯಾನರ್ ಮುಟ್ಟಿದ್ರೆ ನಾನು ನಮ್ಮ ಹುಡುಗ್ರನ್ನೇ ಬಿಡಲ್ಲ. ಯಾಸ್ಮೀನ್, ಸಂಜೇ ತನಕ ಕಂಪ್ಯೂಟರ್ ಹತ್ರ ಹೋಗ್ಬೇಡ." ಯಾಸ್ಮೀನ್ ತನ್ನ ಪ್ರಾಜೆಕ್ಟಿನ ಗತಿಯೇನೆಂದು ಕೇಳಲು ಬಾಯಿ ತೆರೆದು, ಇಬ್ಬರು ಹಿರಿಯರ ಮುಖ ನೋಡಿ, ಮುಚ್ಚಿದಳು.

ಶಿವರುದ್ರಮ್ಮ ಯಾವುದನ್ನೂ ಅರ್ಧಂಬರ್ಧ ಮಾಡುವವರಲ್ಲ. ಆಚೆ ಕಂಪ್ಯೂಟರಿಗೆ ವಿಭೂತಿ ಹಚ್ಚಿದರು. ಇನ್ವರ್ಟರಿಗೆ ಹಚ್ಚಿದರು. ವೈರುಗಳ ಮೇಲಿದ್ದ ಬಟ್ಟೆಯನ್ನು ಕುಲ್ಸುಂ ಬೀ ತಲೆಯ ಮೇಲೆ ಸೆರಗು ಹೊದ್ದು ಗಡಬಡಿಸಿ ತೆಗೆದರು. ಕಾಂಪೌಂಡಿನ ಮೇಲಿನ ಎರಡೂ ವೈರುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಮಾವಿನ ಸೊಪ್ಪು ಸಿಕ್ಕಿಸಲಾಯಿತು. ಕೊನೆಗೆ ಕಿಟಕಿಯ ಪೆಟ್ಟಿಗೆ. ತುಂಬಿದ ತೂತಿಗೆಲ್ಲ ಒಂದೊಂದು ಕುಂಕುಮದ ಬೊಟ್ಟು ಇಡುತ್ತಾ ಬಂದು, ಒಂದು ಪ್ಲಗ್ಗು ಹಲ್ಲು ಚಾಚಿದ ಹಾಗೆ ಮುಂದಕ್ಕೆ ಬಂದಿರುವುದನ್ನು ಕಂಡರು. ದೇವರ ಸಾಮಾನು ಓರೆಕೋರೆಯಾಗಿದ್ದರೆ ಅವರ ಕಣ್ಣಿಗೆ ಆಗುತ್ತಿರಲಿಲ್ಲ. ಹೆಬ್ಬೆರಳಿನಿಂದ ಬೊಟ್ಟಿಟ್ಟು ಹಾಗೇ ಒಳಕ್ಕೆ ಒತ್ತಿದರು. ಟಕ್ ಎಂದಿತು. ವೀರಭದ್ರಯ್ಯ ಆಗ ಆಕಾಶ ನೋಡುತ್ತಿದ್ದರು.

ಸಂಜೆಯ ಹೊತ್ತಿಗೆ ಗುಬ್ಬಿಯಿಂದ ಮಹಾಲಿಂಗಯ್ಯ ಸಂಸಾರ ಸಮೇತ ಬಂದಿಳಿದರು, ಬೆಳಿಗ್ಗೆ ಒಟ್ಟಿಗೆ ಕುಣಿಗಲ್ಲಿಗೆ ಹೊರಡಲು. ಕಾಲು ತೊಳೆಯುವ ಮುಂಚೆಯೇ, ಲಗ್ನಪತ್ರಿಕೆ ನೋಡೋಣ ತಾರಪ್ಪಾ ಎಂದರು. ಇಲ್ಲವೆಂದು ತಿಳಿದ ಮೇಲೆ ಅವರ ಮುಖದಲ್ಲಿ ಮೂಡಿದ ವ್ಯಥೆ ಎಷ್ಟು ಸುಖವಾದದ್ದಾಗಿತ್ತೆಂದರೆ, ಅದಕ್ಕೆ ಎರಡು ಸಲ ಕಾಫಿ ಬೇಕಾಯಿತು. ಹೊರಗೆ ಹೋಗಿ ವೈರುಗಳನ್ನು ನೋಡಿಕೊಂಡು ಬಂದರು. "ವೀರಭದ್ರಯ್ಯ, ಇಲ್ಲಿಂದ ಇಲ್ಲಿಗೆ ಬರೋಕೆ ಅಲ್ಲಿಗೆ ಯಾಕಪ್ಪಾ ಹೋಯ್ತದೆ ಅದು?"

"ಅದೇ ಅಣ್ಣಾ ನೆಟ್‌ವರ್ಕು" ಎಂದರು ವೀರಭದ್ರಯ್ಯ. ದನಿಯಲ್ಲಿ ಜೀವವಿರಲಿಲ್ಲ.

ಗೋಧೂಳಿಯ ಹೊತ್ತಿಗೆ ಮಂಗಳಾರತಿ. ಸಾಬರ ಮನೆಯವರೂ ಬಂದು ಬಾಗಿಲ ಬಳಿ ನಿಂತರು. ಕರ್ಪೂರ ಹಚ್ಚುವ ಮುಂಚೆ ಶಿವರುದ್ರಮ್ಮ ತಡೆದು ನಿಂತರು. ಕಣ್ಣು ಮುಚ್ಚಿಕೊಂಡಿರುವ ದೇವರಿಗೆ ಆರತಿ ಎತ್ತಬಾರದು. ಪ್ರಿಂಟರಿನ ಹಸಿರು ಕಣ್ಣು, ಕಂಪ್ಯೂಟರಿನ ಮುಖ, ಎಲ್ಲ ತೆರೆದಿರಬೇಕು. ಅದೇ ಜೀವದ ಆಚೆ ಮನೆಯ ಅರ್ಧವೂ ಕಣ್ಣು ಬಿಡಬೇಕು. ಗುಂಡಿ ಒತ್ತುವುದು ಕೆಲಸವಲ್ಲವೇ ಎಂದು ಮಹಾಲಿಂಗಯ್ಯ ಕೇಳಿದರು. ಎಬ್ಬಿಸುವುದು ಕೆಲಸವಲ್ಲ, ದುಡಿಸುವುದು ಕೆಲಸ ಎಂದು ತೀರ್ಪಾಯಿತು. ಯಾಸ್ಮೀನ್ ಓಡಿಹೋಗಿ ತನ್ನದನ್ನು ಎಬ್ಬಿಸಿ ಬಂದಳು. ವೀರಭದ್ರಯ್ಯ ತಮ್ಮದನ್ನು ಎಬ್ಬಿಸಿದರು. ಶಿವರುದ್ರಮ್ಮ ಕರ್ಪೂರ ಹಚ್ಚಿ, ಗಂಟೆ ಬಾರಿಸಿ, ತಟ್ಟೆ ಎತ್ತಿದರು.

ಪ್ರಿಂಟರ್ ಗರ್ರೆಂದಿತು.

ಯಾರೂ ಮುಟ್ಟಿರಲಿಲ್ಲ. ಅದು ಒಮ್ಮೆ ನಡುಗಿ, ಹಾರವನ್ನು ತಾನೇ ಮುಂದಕ್ಕೆ ನೂಕಿ, ಚೆಂಡುಹೂವಿನ ನಡುವಿನಿಂದ ಬಿಸಿಬಿಸಿ ಹಾಳೆಯೊಂದನ್ನು ಆರತಿ ತಟ್ಟೆಯ ಮುಂದೆ ಚಾಚಿತು. ಮೇಲೆ ಬಿಲ್ವಪತ್ರೆ. ಕೆಳಗೆ ಚಿರಂಜೀವಿ ಗುರುಪ್ರಕಾಶ, ಚಿರಂಜೀವಿ ಸೌಭಾಗ್ಯವತಿ ಪಲ್ಲವಿ. ಬಾಯಿಗೆ ಬಳಿದಿದ್ದ ಅರಿಶಿನ ಕುಂಕುಮವನ್ನು ಹಾಳೆ ತಾನೇ ಮೂಲೆಗಳಿಗೆ ಹಚ್ಚಿಕೊಂಡು ಬಂದಿತ್ತು, ಶುಭಪತ್ರಕ್ಕೆ ಹಚ್ಚಬೇಕಾದ ಹಾಗೇ. ಒಳಗಿನ ಕಾವಿಗೆ ಅದು ಒರೆಸಿದರೂ ಹೋಗದಂತೆ ಅಂಟಿತ್ತು. ಗಂಟೆ ನಿಂತುಹೋಯಿತು. ಮಹಾಲಿಂಗಯ್ಯ ಕೈ ಮುಗಿದದ್ದು ತಮಗೇ ಗೊತ್ತಿಲ್ಲದೆ.

ಹಿಂದೆಯೇ ಇನ್ನೊಂದು ಬಂತು. ಮತ್ತೊಂದು ಬಂತು. ವೀರಭದ್ರಯ್ಯ ಆ ವಾರವೆಲ್ಲ ಒತ್ತಿದ್ದೂ ಬಂತು, ಆಚೆ ಯಾಸ್ಮೀನ್ ಒತ್ತಿದ್ದೂ ನಡುನಡುವೆ ಬಂತು. ಹೂವಿನ ದಳಗಳು ಒಳಗೆ ಹೋಗಿ ಸುಟ್ಟ ವಾಸನೆ ಬಂತು. ಕಡೆಗೆ ಒಂದು ದೊಡ್ಡ ಸೀನು ಸೀನಿದಂತೆ ವಿಭೂತಿಯನ್ನು ಉಗುಳಿ, ಪ್ರಿಂಟರ್ ಹಸಿರು ಕಣ್ಣು ಮುಚ್ಚಿತು. ಆಮೇಲೆ ಅದು ಯಾವತ್ತೂ ತೆರೆಯಲಿಲ್ಲ.

"ಮಗ ಒತ್ತಿದಾಗ ಬರ್ಲಿಲ್ಲ" ಎಂದರು ಶಿವರುದ್ರಮ್ಮ, ಒಂದು ವಾರದ ಇತಿಹಾಸವನ್ನು ಒಂದೇ ಮಾತಿಗೆ ಇಳಿಸಿ. "ಕೈ ಮುಗಿದಾಗ ಬಂತು."

ಓದು ಬಾರದ ಅವರು ನಡುವೆ ಏನಿದೆಯೆಂದು ನೋಡದೆ, ಮೂಲೆಗಳನ್ನಷ್ಟೇ ನೋಡುತ್ತಾ ರಾಶಿಯಲ್ಲಿ ಕೈಯಾಡಿಸಿ, ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಚೊಕ್ಕವಾಗಿ ಕೂತಿದ್ದ ಎರಡು ಹಾಳೆಗಳನ್ನು ಆರಿಸಿದರು. ಅವನ್ನು ಮಡಿಬಟ್ಟೆಯಲ್ಲಿ ಸುತ್ತಿ ದೇವರ ಮುಂದಿಟ್ಟು, ಕುಣಿಗಲ್ಲಿನ ತನಕ ಯಾರೂ ಬಿಚ್ಚಬಾರದು ಎಂದರು. ಅಂದು ಅವರ ಮಾತನ್ನು ಮೀರುವವರು ಯಾರಿದ್ದರು. ಮರುದಿನ ಟೆಂಪೋ ಹೊರಡುವಾಗ ಯಾಸ್ಮೀನ್ ಗೇಟಿನ ಬಳಿ ಬಂದು, ಅಂಕಲ್ ನನ್ನ ಪ್ರಾಜೆಕ್ಟಲ್ಲಿ ಒಂದು ಪುಟ ಸಿಗ್ತಿಲ್ಲ, ಒಳಗೇನಾದರೂ ಉಳಿದಿದೆಯಾ ಎಂದು ಕೇಳಿದಳು. ಬಂದು ಹುಡುಕುತ್ತೇನಮ್ಮಾ ಎಂದು ವೀರಭದ್ರಯ್ಯ ಅಭಯಹಸ್ತ ತೋರಿಸಿದರು. ಹಿಂದಿನ ಸಂಜೆಯಿಂದ ಅವರು ಎಲ್ಲರಿಗೂ ಅಭಯಹಸ್ತವನ್ನೇ ತೋರಿಸುತ್ತಿದ್ದರು.

ಕುಣಿಗಲ್ಲಿನಲ್ಲಿ ಹಜಾರದ ತುಂಬ ನೆಂಟರು. ತಿಪಟೂರಿನವರೂ ಇಬ್ಬರು ಮುಂದಿನ ಸಾಲಿನಲ್ಲೇ ಇದ್ದರು, ತಲೆ ನೀಟಾಗಿ ಬಾಚಿಕೊಂಡು. ಅಯ್ಯನವರು ಮಡಿಬಟ್ಟೆ ಬಿಚ್ಚಿ ಮೇಲಿನ ಹಾಳೆ ತೆಗೆದು ಗಟ್ಟಿಯಾಗಿ ಓದಿದರು. ಅಕ್ಷರ ಚೆನ್ನಾಗಿದೆ ಎಂದು ಯಾರೋ ಅಂದರು. ದೇವರೇ ಅಚ್ಚು ಹಾಕಿದ್ದು ಎಂದು ಮಹಾಲಿಂಗಯ್ಯ, ಸ್ವಂತ ಷಡ್ಡಕನ ಪರವಾಗಿ ಜೀವಮಾನದಲ್ಲಿ ಮೊದಲ ಸಲ, ಅಕ್ಕಪಕ್ಕದವರಿಗೆ ವಿವರಿಸುತ್ತಿದ್ದರು. ಎರಡನೆಯ ಹಾಳೆಯನ್ನು ಎಲೆ, ಅಡಿಕೆ, ತೆಂಗಿನಕಾಯಿಯ ತಟ್ಟೆಯಲ್ಲಿಟ್ಟು ವೀರಭದ್ರಯ್ಯ ಬೀಗರ ಕೈಗೆ ಕೊಟ್ಟರು.

ಶಿವರಾಮಯ್ಯ ಹಾಳೆ ಬಿಡಿಸಿದರು. ನೋಡಿದರು.

"ವೀರಭದ್ರಯ್ಯನವ್ರೇ, ಇದು ಕಪ್ಪೆ."

ಕಪ್ಪೆಯೇ. ಅಂಗಾತ ಮಲಗಿ ಕೈಕಾಲು ಚಾಚಿದ, ಹೊಟ್ಟೆ ಸೀಳಿ ಕರುಳು ಜಠರ ಎಲ್ಲ ಕಾಣುವಂತೆ ಬಾಣದ ಗುರುತು ಹಾಕಿದ ಕಪ್ಪೆ. ನಾಲ್ಕು ಮೂಲೆಗೂ ಅರಿಶಿನ ಕುಂಕುಮ. ತಿಪಟೂರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಿದ್ದಲಕ್ಷ್ಮಮ್ಮ ಕಣ್ಣು ಮುಚ್ಚಿದರು. ವೀರಭದ್ರಯ್ಯನವರಿಗೆ ಏನಾದರೂ ಹೇಳಲೇಬೇಕಿತ್ತು, ತೋಚಿದ್ದು ಒಂದೇ.

"ನೆಟ್‌ವರ್ಕಲ್ಲಿ ಎಲ್ಲಾ ಒಂದೇ ಬೀಗ್ರೇ."

ಶಿವರಾಮಯ್ಯ ಕೇಳಿಸಿಕೊಳ್ಳಲಿಲ್ಲ. ಜೇಬಿನಿಂದ ಓದುವ ಕನ್ನಡಕ ತೆಗೆದು ಹಾಕಿಕೊಂಡು ಹಾಳೆಯನ್ನು ಬೆಳಕಿಗೆ ಹಿಡಿದರು. ಅವರ ಮುಖ ಕೆಂಪಾಗುತ್ತಾ ಬಂತು. "ಗಾಲ್ ಬ್ಲಾಡರ್ ಎಲ್ಲಿ ಇದಕ್ಕೆ? ಪ್ಯಾಂಕ್ರಿಯಾಸ್ ಇರೋ ಜಾಗಕ್ಕೆ ಸ್ಪ್ಲೀನ್ ಅಂತ ಬರ್ದವ್ರೆ. ಯಾರು ಬರ್ದಿದ್ದು ಇದನ್ನ?"

ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ ಪಲ್ಲವಿ ತಲೆಯೆತ್ತಿದಳು. "ನಮ್ಮ ಪಕ್ಕದ್ಮನೆ ಯಾಸ್ಮೀನ್ ಮಾವಾ, ಬಿಎಸ್ಸಿ ಪ್ರಾಜೆಕ್ಟು. ಅವ್ಳಿಗೆ ತಿದ್ದಿಕೊಡೋರು ಯಾರೂ ಇಲ್ಲ. ನೀವೇ ನೋಡಿ ಕೊಟ್ರೆ ನಾಳಿದ್ದು ಕಾಲೇಜಿಗೆ ಕೊಡ್ತಾಳೆ."

ನಿವೃತ್ತರಾದಂದಿನಿಂದ ಶಿವರಾಮಯ್ಯನವರಿಗೆ ತಿದ್ದಲು ಸಿಕ್ಕಿದ್ದು ಉಪ್ಪಿಟ್ಟು ಮಾತ್ರ. ಕಪ್ಪೆ ಸಿಕ್ಕಿರಲಿಲ್ಲ. ಅವರ ಕೈ ತಾನಾಗಿ ಜೇಬಿನ ಕೆಂಪು ಪೆನ್ನಿಗೆ ಹೋಯಿತು. ಪೂಜೆ ಕದಲಿಸಿದ ಬೆಳಿಗ್ಗೆಯಾದ್ದರಿಂದ ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಅಲ್ಲೇ ಕಾಯಿಯ ತಟ್ಟೆಯ ಮೇಲೆ ಹಾಳೆ ಹರಡಿಕೊಂಡು ಗಾಲ್ ಬ್ಲಾಡರ್ ಬರೆಯಲು ಕೂತರು. ಮುಹೂರ್ತ ಮೀರುತ್ತದೆ ಎಂದು ಅಯ್ಯನವರು ಎರಡು ಸಲ ಕೆಮ್ಮಿದರು. "ಆಗ್ಲಿ ಆಗ್ಲಿ, ಉಂಗುರ ಹಾಕ್ಸಿ, ನಾನು ಇಲ್ಲೇ ಇದೀನಲ್ಲ" ಎಂದರು ಶಿವರಾಮಯ್ಯ, ತಲೆಯೆತ್ತದೆ. ಹೆಂಗಸರು ಮಾತ್ರ, ಹುಡುಗಿ ಉಂಗುರಕ್ಕೆ ಮುಂಚೆಯೇ ಮಾವ ಎಂದದ್ದನ್ನು ಗಮನಿಸಿ ಒಬ್ಬರನ್ನೊಬ್ಬರು ತಿವಿದುಕೊಂಡರು. ಗುರುಪ್ರಕಾಶ್ ಉಂಗುರ ತೊಡಿಸುವಾಗ ನಗು ತಡೆಯಲಾರದೆ ಕೈ ನಡುಗಿಸುತ್ತಿದ್ದ. ನಾಚಿಕೆ ಎಂದು ಫೋಟೋದವನು ತಿಳಿದ.

ಯಾಸ್ಮೀನಳ ಪ್ರಾಜೆಕ್ಟಿನಲ್ಲಿ ಕುಂಕುಮ ಹಚ್ಚಿದ ಕಪ್ಪೆಗೇ ಹೆಚ್ಚು ಮಾರ್ಕ್ಸು ಬಂತಂತೆ. ಪ್ರಿಂಟರನ್ನು ಬಿಚ್ಚಿ ನೋಡಿದ ಮೆಕ್ಯಾನಿಕ್ ಒಳಗಿಂದ ಒಂದು ಹಿಡಿ ಚೆಂಡುಹೂವನ್ನು ತೆಗೆದು ಟೇಬಲ್ಲಿನ ಮೇಲಿಟ್ಟು, ಈ ಸಲವೂ ಗೇಟಿನವರೆಗೆ ನಗಲಿಲ್ಲ. ವೈರುಗಳನ್ನು ಬಿಚ್ಚುತ್ತೇನೆಂದಾಗ ಕುಲ್ಸುಂ ಬೀ ಬೇಡವೆಂದರು. ಅಷ್ಟು ಒಳ್ಳೆಯ ಬಿಸಿಲು ಬೇರೆಲ್ಲೂ ಬೀಳುವುದಿಲ್ಲ. ಹೊಸ ಪ್ರಿಂಟರಿನ ಮಾತು ಬಂದಾಗಲೆಲ್ಲ ಸಿದ್ದಲಕ್ಷ್ಮಮ್ಮ ಟೇಬಲ್ಲಿನ ಮೇಲೆ ಒಂದು ಮೊಳ ಅಳೆದು ತೋರಿಸುತ್ತಾರೆ. ಮಾತು ಅಲ್ಲಿಗೇ ನಿಲ್ಲುತ್ತದೆ.

ಮರುವರ್ಷ ಮಹಾಲಿಂಗಯ್ಯನವರ ಮಗಳಿಗೂ ಗಂಡು ಗೊತ್ತಾಯಿತು. ಅವರು ಯುಎಸ್‌ಬಿಯನ್ನು ಮೂಲೆಗೆ ತಳ್ಳಿ, ನೆಟ್‌ವರ್ಕಿನದೇ ಒಂದನ್ನು ತಂದು, ಪಕ್ಕದ ಮನೆಯವರ ಕೈಕಾಲು ಹಿಡಿದು ಕಾಂಪೌಂಡಿನ ಮೇಲೆ ವೈರು ಎಳೆಸಿ, ಮಹಾನವಮಿಯ ದಿನ ಅದಕ್ಕೆ ವಿಭೂತಿ ಕುಂಕುಮ ಹಚ್ಚಿ ಸಂಸಾರ ಸಮೇತ ಮುಂದೆ ಕೂತರು. ಗೋಧೂಳಿ ದಾಟಿ ಸ್ವಲ್ಪ ಹೊತ್ತಿಗೆ ಕ್ಯಾತ್ಸಂದ್ರದ ಮನೆಗೆ ಫೋನು ಬಂತು.

"ವೀರಭದ್ರಯ್ಯ, ಮಂಗಳಾರತಿ ಮೂರು ಸಲ ಎತ್ತಿದ್ದಾಯ್ತು ಕಣಪ್ಪ. ಕಣ್ಣು ಬಿಟ್ಕೊಂಡು ಕೂತದೆ. ಒಂದು ಹಾಳೆ ಬರ್ಲಿಲ್ಲ."

ವೀರಭದ್ರಯ್ಯ ಕುರ್ಚಿ ಎಳೆದುಕೊಂಡು ಕೂತರು. ಈ ವಿದ್ಯೆಯನ್ನು ತಿಳಿದವರು ಎಷ್ಟು ನಿಧಾನವಾಗಿ ಮಾತಾಡಬೇಕೋ ಅಷ್ಟು ನಿಧಾನವಾಗಿ ಕೇಳಿದರು:

"ಅಣ್ಣಾ, ಮೊದ್ಲು ಒಂದು ವಾರ ವೈರ್ ಮೇಲೆ ರಜಾಯಿ ಒಣಗಾಕಿದ್ರಾ?"